ಕಾಕಾ ಮಾಡಿದ ಪಪ್ಪಾಯಿ ಪಲಾವು

ನಮ್ಮ ಕಾಕಾ ಅರವತ್ತೊಂದು ವರ್ಷ ತುಂಬುವವರೆಗೆ ಒಂದು ದಿನವೂ ಒಲೆ ಹಚ್ಚಿದವರಲ್ಲ. ಹಚ್ಚಿದ ಮೊದಲನೆಯ ದಿನವೇ ಮಟನ್ ಅನ್ನಕ್ಕೆ ಮೋಸಂಬಿ ಹಾಕಿದರು. ಅದು ಸಾಲದೆಂದು ಮುಂದಿನ ವಾರ ಬಾಳೆಹಣ್ಣು ಹಾಕಿದರು. ಇದನ್ನು ಓದಿ ನೀವು ಮೂಗು ಮುರಿದರೆ ನನ್ನ ತಕರಾರಿಲ್ಲ, ಏಕೆಂದರೆ ಮೋಸಂಬಿಯದನ್ನು ಪೂರ್ತಿ ತಿಂದವಳು ನಾನು. ಈ ಮನುಷ್ಯನಿಗೆ ತಲೆ ನೆಟ್ಟಗಿಲ್ಲ ಎಂದು ತೀರ್ಮಾನಿಸುವ ಮೊದಲು ನಡೆದದ್ದಷ್ಟನ್ನು ಕೇಳಿರಿ. ಆಮೇಲೆ ಏನು ಬೇಕಾದರೂ ಅನ್ನಿ, ನಾನು ಅಡ್ಡ ಬರುವುದಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಫಜಲಪುರದಲ್ಲಿ ಲೈನ್‌ಮನ್ ಆಗಿ ಮೂವತ್ತು ಚಿಲ್ಲರೆ ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. ಕಂಬ ಬಿಟ್ಟರೂ ಟೆಸ್ಟರ್ ಬಿಡಲಿಲ್ಲ. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಇವರದು ಟೆಸ್ಟರ್. ಯಾರ ಮನೆಗೆ ಹೋದರೂ ಕೊಟ್ಟ ನೀರು ಕುಡಿಯುವ ಮೊದಲು ಸ್ವಿಚ್‌ಬೋರ್ಡಿಗೆ ಅದನ್ನು ಚುಚ್ಚಿ ನೋಡಬೇಕು. ಫ್ರಿಜ್ಜು, ಕೂಲರು, ಕಬ್ಬಿಣದ ಬಾಗಿಲು ಯಾವುದನ್ನೂ ಅಂಗೈಯಿಂದ ಮುಟ್ಟುವವರಲ್ಲ, ಕೈಯ ಹಿಂಬದಿಯಿಂದ ಮುಟ್ಟುವವರು. ಹಾಗೆ ಮುಟ್ಟಿದರೆ ಶಾಕ್ ಹೊಡೆದಾಗ ಕೈ ತಾನಾಗಿ ಹಿಂದಕ್ಕೆ ಬರುತ್ತದಂತೆ. ಒಮ್ಮೆ ಬೀಗರ ಮನೆಯಲ್ಲಿ ತೊಟ್ಟಿಲ ಕೂಸಿನ ಕೆನ್ನೆಯನ್ನೂ ಹೀಗೆಯೇ ಕೈ ತಿರುವಿ ಮುಟ್ಟಿದರು. ಆ ಕೂಸಿನ ಅಜ್ಜಿ ಇವತ್ತಿಗೂ ಇವರನ್ನು ಮಾತಾಡಿಸುವುದಿಲ್ಲ.

ನನ್ನ ಮದುವೆ ಇವರಿಂದಲೇ ಮುರಿದುಬೀಳಬೇಕಿತ್ತು. ಜೇವರ್ಗಿಯಲ್ಲಿ ಗಂಡಿನ ಮನೆ ನೋಡಲು ಹಿರಿಯರೆಲ್ಲ ಹೋಗಿದ್ದಾಗ ಕಾಕಾ ಗಂಡನ್ನು ನೋಡಲಿಲ್ಲ, ಮೀಟರ್ ನೋಡಿದರು. ಆಮೇಲೆ ನಡುಮನೆಗೆ ಬಂದು, ಈ ಮನೆಗೆ ಅರ್ಥಿಂಗ್ ಇಲ್ಲ, ಇಲ್ಲಿಗೆ ಹುಡುಗಿ ಕೊಡುವುದಿಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಗಂಡಿನ ಕಡೆಯವರು ಸಮಾಧಾನದ ಜನ. ನಾಲ್ಕು ದಿನ ಬಿಟ್ಟು ಫೋನ್ ಮಾಡಿ, ಹಾಗಾದರೆ ನೀವೇ ಬಂದು ಮಾಡಿಕೊಡಿ ಅಂದರು. ಕಾಕಾ ಹೋಗಿ, ಅವರ ಹಿತ್ತಲಲ್ಲಿ ಎದೆಮಟ್ಟದ ಗುಂಡಿ ತೋಡಿಸಿ, ಇದ್ದಿಲು ಸುರಿದು, ತಂತಿ ಎಳೆದು ಬಂದರು. ಬಂದವರೇ ಹುಡುಗ ಬಂಗಾರದಂಥವನು ಅಂದರು. ಗುಂಡಿ ತೋಡುವಾಗ ಅವನು ಸಲಿಕೆ ಹಿಡಿದು ಜೊತೆಗೆ ನಿಂತಿದ್ದನಂತೆ. ಈಗ ಹದಿನಾಲ್ಕು ವರ್ಷವಾಯಿತು, ಹುಡುಗನ ಬಗ್ಗೆ ಕಾಕಾ ಹೇಳಿದ್ದು ಸುಳ್ಳಾಗಿಲ್ಲ.

ಇಂಥವರನ್ನು ಕಟ್ಟಿಕೊಂಡು ಸಂಸಾರ ಮಾಡಿದವಳು ನಮ್ಮ ಚಿಗವ್ವ. ಅವರಿಗೆ ಮಕ್ಕಳಿರಲಿಲ್ಲ. ನಮ್ಮೂರು ಮಣ್ಣೂರು. ಹೈಸ್ಕೂಲಿಗೆಂದು ನನ್ನನ್ನು ಅಫಜಲಪುರಕ್ಕೆ ಕರೆಸಿಕೊಂಡು ಮೂರು ವರ್ಷ ತಲೆ ಬಾಚಿ, ಡಬ್ಬಿ ಕಟ್ಟಿ, ಜ್ವರ ಬಂದಾಗ ಹಣೆಗೆ ತಣ್ಣೀರು ಪಟ್ಟಿ ಇಟ್ಟವಳು ಅವಳೇ. ಮಾತು ಕಡಿಮೆ, ನಗು ಹೆಚ್ಚು. ಕಾಕಾನ ಒಂದೊಂದು ಅವತಾರಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು, ಶಬ್ದವಿಲ್ಲದೆ, ಭುಜ ಮಾತ್ರ ಕುಣಿಯುವಂತೆ ನಗುವವಳು.

ಅವರದು ಬಾಡಿಗೆ ಮನೆ. ಮನೆಯ ಮಾಲಕಿ ಪಕ್ಕದ ಭಾಗದಲ್ಲೇ ಇರುವ ಎಪ್ಪತ್ತು ದಾಟಿದ ಒಬ್ಬ ಅವ್ವ. ಲಿಂಗಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕದವರು, ಹಣೆಯ ಮೇಲಿನ ವಿಭೂತಿ ಅಳಿಸಿದ್ದನ್ನು ನಾನೊಮ್ಮೆಯೂ ಕಂಡಿಲ್ಲ. ನಾವೆಲ್ಲ ಅವರನ್ನು ಅವ್ವಾರು ಎನ್ನುತ್ತೇವೆ. ಮನೆ ಕೊಡುವ ದಿನ ಅವರು ಹಾಕಿದ್ದು ಒಂದೇ ಷರತ್ತು. ಮಾಂಸ, ಮೊಟ್ಟೆ ಹೊಸ್ತಿಲ ಒಳಗೆ ಬರಬಾರದು. ನಮ್ಮದೋ ವಾರಕ್ಕೊಮ್ಮೆ ಮಟನ್ ಇಲ್ಲದಿದ್ದರೆ ವಾರ ಕಳೆಯಿತೆಂದೇ ಅನಿಸದ ಮನೆತನ! ಇಪ್ಪತ್ತೆರಡು ವರ್ಷ ಕಾಕಾ ಮತ್ತು ಚಿಗವ್ವ ಆದಿತ್ಯವಾರ ಬಂತೆಂದರೆ ಮಣ್ಣೂರಿನ ಬಸ್ಸು ಹತ್ತಿ ನಮ್ಮ ಮನೆಗೆ ಬಂದು ಮಟನ್ ಉಂಡು ಹೋಗುತ್ತಿದ್ದರು. ಷರತ್ತು ಮುರಿಯಲಿಲ್ಲ.

ಹೋದ ವರ್ಷ ಶ್ರಾವಣದ ಹೊತ್ತಿಗೆ ಚಿಗವ್ವನ ದವಡೆಯ ಒಳಗೆ ಒಂದು ಹುಣ್ಣು ಆಯಿತು. ಬಿಸಿ ಚಹಾ ಕುಡಿದು ಸುಟ್ಟಿರಬೇಕು ಅಂದಳು. ಎರಡು ತಿಂಗಳು ಹಾಗೆಯೇ ಅನ್ನುತ್ತ ಕಳೆದಳು. ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ದಾಗ ಅದು ಬಿಸಿ ಚಹಾದ್ದಲ್ಲ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ಅದಾದ ಮೇಲೆ ಕರೆಂಟ್ ಇಡಬೇಕು ಅಂದರು. ನಮ್ಮ ಕಡೆ ಆ ಚಿಕಿತ್ಸೆಗೆ ಎಲ್ಲರೂ ಹಾಗೆಯೇ ಅನ್ನುವುದು.

ಕರೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಕಾ ಎದ್ದು ನಿಂತರು. ಎಷ್ಟು ವೋಲ್ಟ್ ಎಂದು ಡಾಕ್ಟರನ್ನು ಕೇಳಿದರು. ಇದು ಆ ಕರೆಂಟ್ ಅಲ್ಲ, ಒಂದು ಬಗೆಯ ಕಿರಣ ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಕಾಕಾ ತಲೆಯಾಡಿಸಿದರು, ಆದರೆ ನಂಬಲಿಲ್ಲ. ಆರು ವಾರ ದಿನವೂ ಆ ಕೋಣೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತರು. ಚಪ್ಪಲಿ ಯಾಕೆ ಬಿಟ್ಟಿರಿ ಎಂದು ನಾನು ಕೇಳಿದ್ದಕ್ಕೆ, ಮೂವತ್ತು ವರ್ಷ ತನ್ನನ್ನು ಏನೂ ಮಾಡದೆ ಬಿಟ್ಟದ್ದು ಕರೆಂಟ್, ಅದರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲಲು ಮನಸ್ಸು ಬರುವುದಿಲ್ಲ ಅಂದರು. ನನಗೆ ನಗು ಬಂತು. ಮುಖ ತಿರುಗಿಸಿಕೊಂಡೆ, ಆಗ ಅಳುವೂ ಬಂತು.

ಸಂಕ್ರಾಂತಿಯ ಹೊತ್ತಿಗೆ ಚಿಗವ್ವ ಮನೆಗೆ ಬಂದಳು. ಬಾಯಿಯೊಳಗೆಲ್ಲ ಹುಣ್ಣು, ಜೊಲ್ಲು ಪೂರ್ತಿ ಒಣಗಿತ್ತು, ನಾಲಿಗೆಗೆ ರುಚಿಯೇ ಇಲ್ಲ. ಅನ್ನ ಮಣ್ಣಿನಂತೆ, ಮಟನ್ ಸಾರು ತುಕ್ಕು ಹಿಡಿದ ಮೊಳೆಯಂತೆ ಅನಿಸುತ್ತದೆ ಅಂದಳು. ತೂಕ ಮೂವತ್ತಾರು ಕಿಲೋ. ಇನ್ನೊಂದು ಕೋರ್ಸ್ ಇಂಜೆಕ್ಷನ್ ಬಾಕಿ ಇತ್ತು. ತೂಕ ನಲವತ್ತು ಮುಟ್ಟದೆ ಅದನ್ನು ದೇಹ ತಡೆಯುವುದಿಲ್ಲ, ಮಾಂಸ ಮೊಟ್ಟೆ ಏನಾದರೂ ತಿನ್ನಿಸಿ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಣ್ಣೂರಿಗೆ ಬಸ್ಸಿನಲ್ಲಿ ಹೋಗುವಷ್ಟು ಶಕ್ತಿ ಅವಳಿಗಿರಲಿಲ್ಲ. ನನ್ನ ಅವ್ವ ಸಾರು ಮಾಡಿ ಡಬ್ಬಿಯಲ್ಲಿ ಕಳಿಸಿದರೆ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ಅವಳ ಗಂಟಲಲ್ಲಿ ಇಳಿಯುತ್ತಿದ್ದದ್ದು ಹಣ್ಣು ಮಾತ್ರ. ಹಿಚುಕಿದ ಚಿಕ್ಕು, ಹಿಚುಕಿದ ಬಾಳೆಹಣ್ಣು, ಅದೂ ನಾಲ್ಕು ಚಮಚ.

ಕಾಕಾ ಒಂದು ವಾರ ಯೋಚನೆ ಮಾಡಿದರು. ಆಮೇಲೆ ನನಗೆ ಫೋನ್ ಮಾಡಿ, "ಹಣ್ಣು ಒಳಗ ಹೋಗ್ತದ, ಮಾಂಸ ಹೋಗವಲ್ದು. ಎರಡೂ ಜೋಡಿಸಿ ಕಳಸಿದ್ರ ಹ್ಯಾಂಗ?" ಅಂದರು.

ಇವರ ತಾಟು ನೋಡಿದವರಿಗೆ ಮಾತ್ರ ಈ ಮಾತಿನ ತೂಕ ತಿಳಿದೀತು. ಕಾಕಾನ ತಾಟಿನಲ್ಲಿ ಪಲ್ಯ ಸಾರಿಗೆ ತಾಗಬಾರದು, ಸಾರು ಅನ್ನಕ್ಕೆ ತಾಗಬಾರದು. ತಾಗಿದರೆ ಶಾರ್ಟ್ ಆಗುತ್ತದೆ ಎಂದು ತಾಟು ದೂಡುವ ಮನುಷ್ಯ. ಆಳಂದದಲ್ಲಿ ಇವರೊಡನೆ ದುಡಿದ ಹಳೆಯ ಲೈನ್‌ಮನ್ ಒಬ್ಬರಿದ್ದಾರೆ. ಅವರ ಮನೆಯಲ್ಲಿ ರಂಜಾನ್ ದಿನ ಒಣದ್ರಾಕ್ಷಿ, ಖರ್ಜೂರ ಹಾಕಿದ ಮಟನ್ ಪಲಾವು ಬಡಿಸಿದ್ದಾಗ ಅವನ್ನೆಲ್ಲ ಆರಿಸಿ ತಾಟಿನ ಅಂಚಿಗೆ ಸಾಲಾಗಿ ಇಟ್ಟು ಎದ್ದುಬಂದಿದ್ದರು. ಈಗ ಅದೇ ಪಲಾವನ್ನು ನೆನೆದು ಆ ಗೆಳೆಯನ ಹೆಂಡತಿಗೆ ಫೋನ್ ಹಚ್ಚಿ, ಮಾಡುವ ಬಗೆ ಕೇಳಿದರು. ಆಕೆ ತಮ್ಮ ಮಾತಿನಲ್ಲಿ, ಕೊನೆಗೆ ಮೇವಾ ಹಾಕಬೇಕು ಅಂದರಂತೆ. ಕಾಕಾಗೆ ಕೇಳಿಸಿದ್ದು ಮೇವು. "ಮಟನ್ನಿಗಿ ಮೇವು ಯಾಕ್ರೀ ಭಾಭಿ? ಅದು ಜೀವಂತ ಇದ್ದಾಗ್ಲೇ ತಿಂದದಲ್ಲ" ಅಂದರು. ಆ ಕಡೆಯ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೇವಾ ಎಂದರೆ ಒಣಹಣ್ಣು. ಹಣ್ಣು ಎಂದಷ್ಟೇ ತಿಳಿದುಕೊಂಡು, ಯಾವ ಹಣ್ಣು ಎಂದು ಕೇಳದೆ ಕಾಕಾ ಫೋನ್ ಇಟ್ಟರು.

ಶನಿವಾರ ಮುಂಜಾನೆ ನಾನು ಪಾಠ ಹೇಳುವ ಶಾಲೆ ಮುಗಿಸಿಕೊಂಡು ಜೇವರ್ಗಿಯಿಂದ ಹೊರಟು ಅಫಜಲಪುರ ಮುಟ್ಟುವಷ್ಟರಲ್ಲಿ ಅವರ ಓಣಿಯೆಲ್ಲ ಊದಿನಕಡ್ಡಿಯ ವಾಸನೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದವು. ಒಳಗೆ ಹೊಗೆಯಲ್ಲಿ ಕಾಕಾ, ಕಂಬ ಹತ್ತುವಾಗ ಹಾಕುತ್ತಿದ್ದ ರಬ್ಬರ್ ಕೈಗವಸು ತೊಟ್ಟು ಕುಕ್ಕರಿನ ಮುಂದೆ ನಿಂತಿದ್ದರು. ಮಟನ್ನಿನ ವಾಸನೆ ಅವ್ವಾರ ಕಡೆ ಹೋಗದಿರಲಿ ಎಂದು ಎರಡು ಕಟ್ಟು ಊದಿನಕಡ್ಡಿ ಹಚ್ಚಿದ್ದರು. ಅವ್ವಾರು ಆಗಲೇ ಒಮ್ಮೆ ಬಾಗಿಲು ಬಡಿದು, ಏನು ವಿಶೇಷ ಎಂದು ಕೇಳಿ ಹೋಗಿದ್ದರಂತೆ. ಪೂಜೆ ನಡೆದಿದೆ ಎಂದು ಇವರು ಒಳಗಿನಿಂದಲೇ ಕೂಗಿ ಹೇಳಿದ್ದರಂತೆ. ಪೂಜೆಗೆ ಐದು ಸೀಟಿ!

ಆ ದಿನದ್ದೇ ಮೋಸಂಬಿ. ಚಿಗವ್ವ ಮೊದಲ ಚಮಚ ಬಾಯಿಗಿಟ್ಟುಕೊಂಡಳು. ಹುಳಿ ಹುಣ್ಣಿಗೆ ತಾಗಿತು. ಉಗುಳಲಾರದೆ, ನುಂಗಲಾರದೆ ಹಾಸಿಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಕಣ್ಣಿಂದ ನೀರು ಸುರಿಯಿತು. ಕಾಕಾ ಅವಳ ಬಾಯಿಗೆ ಬಟ್ಟಲು ಹಿಡಿದರು. ಬಾಯಿ ತೊಳೆಸಿದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕುಳಿತರು. ಕೈಗವಸು ತೆಗೆದಿರಲಿಲ್ಲ. ಅವರ ಪಾಲಿನದೂ ಸೇರಿಸಿ ನಾನು ತಿಂದೆ, ಚೆಲ್ಲುವುದನ್ನು ಚಿಗವ್ವ ನೋಡಬಾರದಲ್ಲ. ಸಂಜೆಯ ಹೊತ್ತಿಗೆ ಅವಳು ನನ್ನನ್ನು ಹತ್ತಿರ ಕರೆದು, ತಡೆತಡೆದು ಅಂದಳು: "ಅವರಿಗಿ ಹೇಳು ಬೇ, ಅನ್ನ ಮೆತ್ತಗಿತ್ತು ಅಂತ."

ಮುಂದಿನ ಶನಿವಾರ ಬಾಳೆಹಣ್ಣು. ಅದು ಮೆತ್ತಗಿರುತ್ತದೆ, ಹುಳಿ ಇಲ್ಲ, ಹುಣ್ಣಿಗೆ ಉರಿಯುವುದಿಲ್ಲ ಎಂಬುದು ಕಾಕಾನ ಲೆಕ್ಕಾಚಾರ. ಮಟನ್ನಿನೊಡನೆ ಡಜನ್ ಬಾಳೆಹಣ್ಣು ಕುದಿಸಿದರೆ ಅಂಟು ತಯಾರಾಗುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆ ಅಂಟು ಕುಕ್ಕರಿನ ಸೀಟಿಯ ತೂತನ್ನು ಮುಚ್ಚಿತು. ಸ್ವಲ್ಪ ಹೊತ್ತಿಗೆ ದಢ್ ಎಂದು ಸದ್ದಾಗಿ ವಾಲ್ವ್ ಹಾರಿ, ಬಾಳೆಹಣ್ಣಿನ ಮಟನ್ ಛಾವಣಿಗೆ ಅಂಟಿಕೊಂಡಿತು. ಕಾಕಾ ಓಡಿಹೋಗಿ ಮೊದಲು ಮೇನ್ ಸ್ವಿಚ್ ಆಫ್ ಮಾಡಿದರು. ಗ್ಯಾಸ್ ಆರಿಸಿದವಳು ನಾನು.

ಸದ್ದು ಕೇಳಿ ಅವ್ವಾರು ಬಂದರು. ಬಾಗಿಲು ತೆರೆದೇ ಇತ್ತು. ಮೇಲಿನಿಂದ ತೊಟ್ಟಿಕ್ಕುತ್ತಿದ್ದದ್ದನ್ನು ನೋಡಿದರು, ಸೆರಗು ಮೂಗಿಗೆ ಹಿಡಿದರು, ಹೊಸ್ತಿಲ ಆಚೆಯೇ ನಿಂತರು. ಕಾಕಾ ಏನನ್ನೂ ಮುಚ್ಚಿಡಲಿಲ್ಲ. ತೂಕದ ವಿಷಯ, ಡಾಕ್ಟರು ಹೇಳಿದ್ದು, ಮೋಸಂಬಿ ಹಾಕಿ ನೋಯಿಸಿದ್ದು ಎಲ್ಲವನ್ನೂ ತಪ್ಪು ಒಪ್ಪಿಕೊಳ್ಳುವವರಂತೆ ಕೈಕಟ್ಟಿ ಹೇಳಿದರು. ಅವ್ವಾರು ಅವರನ್ನು ನೋಡಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿದ್ದ ಚಿಗವ್ವನನ್ನೇ ನೋಡುತ್ತಿದ್ದರು.

"ಏನರ ಹೊಟ್ಯಾಗ ಹೋತೇನು?" ಎಂದು ಕೇಳಿದರು.

"ಇಲ್ರಿ ಅವ್ವಾರ" ಅಂದರು ಕಾಕಾ.

ಅವರು ಹೊರಟುಹೋದರು. ಇನ್ನು ಮನೆ ಖಾಲಿ ಮಾಡುವುದೊಂದೇ ಬಾಕಿ ಎಂದು ನಾವು ತಿಳಿದೆವು. ಆ ಸಂಜೆಯೆಲ್ಲ ಕಾಕಾ ಟೇಪು ಹಿಡಿದು ಮಂಚ, ಟ್ರಂಕು, ಕಪಾಟುಗಳನ್ನು ಅಳೆದರು. ಎಂಥ ಮನೆ ಸಿಕ್ಕೀತೋ, ಮಂಚ ಬಾಗಿಲಲ್ಲಿ ಹೋಗಬೇಕಲ್ಲ. ಚಿಗವ್ವ ಬಹಳ ದಿನದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿದವು.

ಮರುದಿನ ಮುಂಜಾನೆ ಪೂಜೆ ಮುಗಿಸಿ ಅವ್ವಾರು ಹಿತ್ತಲಿನಿಂದ ಕಾಕಾನನ್ನು ಕರೆದರು. ಅವರ ಕೈಯಲ್ಲಿ ಎರಡು ಪಪ್ಪಾಯಿ ಇದ್ದವು. ಒಂದು ಹಸಿರು ಕಾಯಿ, ಒಂದು ಹಣ್ಣು, ಅವರ ಗಿಡದ್ದೇ. ಕಟ್ಟೆಯ ಮೇಲೆ ಎರಡನ್ನೂ ಇಟ್ಟರು.

"ಕಾಯಿ ಹೆರದು ಹಚ್ಚಿಟ್ರ ಎಂಥಾ ಬಿರಸಿಂದೂ ಮೆತ್ತಗಾಗ್ತದ ಅಂತಾರ ತಮ್ಮಾ. ನಾ ಮಾಡಿ ನೋಡಿಲ್ಲ" ಅಂದರು. ಹೋಗುವಾಗ ತಿರುಗಿ ನಿಂತು, "ಕಿಟಕಿ ತೆರದು ಮಾಡ್ರಿ. ಆಕಿಗಿ ಹೊಗಿ ಆಗಂಗಿಲ್ಲ" ಅಂದರು. ಅಷ್ಟೇ. ಇಪ್ಪತ್ತೆರಡು ವರ್ಷದ ಷರತ್ತಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಆದರೆ ಆ ದಿನದಿಂದ ಪೂಜೆಯನ್ನು ಒಂದು ತಾಸು ಮೊದಲೇ ಮುಗಿಸತೊಡಗಿದರು.

ಹೀಗೆ ಪಪ್ಪಾಯಿ ಪಲಾವು ಹುಟ್ಟಿತು. ಮಟನ್ನನ್ನು ಸಣ್ಣಗೆ ಕೊಚ್ಚಿಸಿ, ಹೆರೆದ ಕಾಯಿ ಹಚ್ಚಿ, ಎರಡು ತಾಸು ಇಟ್ಟು, ಅನ್ನದೊಡನೆ ಗಂಜಿಯ ಹದಕ್ಕೆ ಬೇಯಿಸಿ, ಇಳಿಸಿದ ಮೇಲೆ ಹಣ್ಣನ್ನು ಹಿಚುಕಿ ಬೆರೆಸುವುದು. ಖಾರವಿಲ್ಲ, ಮಸಾಲೆಯಿಲ್ಲ. ನೋಡಲು ಅರಿಸಿನ ಕಲೆಸಿದ ಸುಣ್ಣದಂತೆ. ಕಾಕಾ ಅದನ್ನು ಕೈಯ ಹಿಂಬದಿಗೆ ಒಂದು ಹನಿ ಹಾಕಿಕೊಂಡು ಬಿಸಿ ನೋಡಿದರೇ ಹೊರತು ಬಾಯಿಗೆ ಹಾಕಿಕೊಳ್ಳಲಿಲ್ಲ. ಅಷ್ಟೂ ಅವಳಿಗೇ ಬೇಕು ಎಂದು ಒಂದು ಚಮಚವನ್ನೂ ತೆಗೆಯುತ್ತಿರಲಿಲ್ಲ.

ಚಿಗವ್ವ ಆರು ಚಮಚ ನುಂಗಿದಳು. ಕಾಕಾ ಪ್ರತಿ ಚಮಚಕ್ಕೂ ಅವಳ ಗಂಟಲನ್ನೇ ನೋಡುತ್ತಿದ್ದರು. "ರುಚಿ ತಿಳಿಯವಲ್ದು. ಖರೇ, ನುಂಗಾಕ ಬರ್ತದ" ಅಂದಳು. ಕಾಕಾ ಹೊರಗೆ ಹೋಗಿ ಅವ್ವಾರ ಬಾಗಿಲಲ್ಲಿ ನಿಂತು, ಆರು ಚಮಚ ಎಂದು ಹೇಳಿ ಬಂದರು.

ಆಮೇಲೆ ದಿನ ಬಿಟ್ಟು ದಿನ ಅದೇ. ಆರು ಚಮಚ ಬಟ್ಟಲಾಯಿತು, ಬಟ್ಟಲು ಎರಡಾಯಿತು. ಮೂವತ್ತೇಳು, ಮೂವತ್ತೆಂಟು. ಶನಿವಾರ ನಾನು ಒಳಗೆ ಕಾಲಿಡುತ್ತಿದ್ದಂತೆ ಕಾಕಾ ನಮಸ್ಕಾರದ ಬದಲು ತೂಕ ಹೇಳುತ್ತಿದ್ದರು. ಯುಗಾದಿಯ ಹೊತ್ತಿಗೆ ನಲವತ್ತು ಮುಟ್ಟಿತು. ಆ ದಿನ ತಕ್ಕಡಿಯ ಮೇಲಿನಿಂದ ಅವಳನ್ನು ಇಳಿಸಿ, ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ತಾವು ಹತ್ತಿ ನೋಡಿ, ನನ್ನನ್ನೂ ಹತ್ತಿಸಿ ನೋಡಿದರು. ನನ್ನ ತೂಕವನ್ನು ಓಣಿಗೆಲ್ಲ ಕೇಳುವಂತೆ ಓದಿದರು.

ಯುಗಾದಿಯಾಗಿ ಎರಡನೆಯ ಶನಿವಾರ, ಕಾಕಾ ಮಾಂಸದಂಗಡಿಗೆ ಹೋದ ಹೊತ್ತಿನಲ್ಲಿ, ಚಿಗವ್ವ ನನ್ನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು.

"ಬಾಯಾಗ ರುಚಿ ಬಂದದ ಬೇ" ಅಂದಳು.

ನಾನು ಎದ್ದು ಕುಣಿಯಬೇಕು, ಅಷ್ಟು ಖುಷಿ. ಕಾಕಾಗೆ ಈಗಲೇ ಫೋನ್ ಮಾಡುತ್ತೇನೆ ಅಂದೆ. ಅವಳು ಕೈ ಬಿಡಲಿಲ್ಲ. ಈ ಅನ್ನದ ರುಚಿ ಎಂಥದು ಎಂದು ನಾನೂ ಬಲ್ಲೆ, ಅವಳ ಬಟ್ಟಲಿನದನ್ನು ಒಮ್ಮೆ ಬಾಯಿಗೆ ಹಾಕಿ ನೋಡಿ ಹಿತ್ತಲಿಗೆ ಓಡಿದವಳು. ರುಚಿ ಬಂದಿದೆ ಅಂದರೆ ಅದು ಹೇಗಿದೆ ಎಂದು ಕಾಕಾ ಕೇಳದೆ ಬಿಡುವುದಿಲ್ಲ, ತನಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಹೇಳಬೇಡ ಅಂದಳು. "ಅವರು ಅಂಗಡಿಗಿ ಹೋಗೂದು, ಹೆರಿಯೂದು, ಮುಂದ ಕುಂತು ಉಣಸೂದು, ನೋಡಾಕ ಚಂದ ಅನಸ್ತದ. ಇರಲಿ ಬಿಡು" ಅಂದಳು. ಆ ದಿನವೂ ಎರಡು ಬಟ್ಟಲು ತಿಂದಳು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಇಂಜೆಕ್ಷನ್ ಶುರುವಾಯಿತು. ಮೊದಲನೆಯದು ತಡೆದಳು, ಎರಡನೆಯದನ್ನೂ ತಡೆದಳು. ಅದಾಗಿ ಹತ್ತು ದಿನಕ್ಕೆ ಜ್ವರ ಬಂತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಕಾರಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಚಿಗವ್ವ ಹೋದಳು. ಕಾಕಾ ಅವಳ ಕೆನ್ನೆಯನ್ನು ಅಂಗೈಯಿಂದ ಮುಟ್ಟಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ತಿಂಗಳು ತುಂಬಿದ ದಿನ ಎಡೆ ಇಡುವುದಿತ್ತು. ಅವಳಿಗೆ ಏನು ಇಷ್ಟವೋ ಅದನ್ನು ಮಾಡಬೇಕು ಎಂದು ನನ್ನ ಅವ್ವ ಹೋಳಿಗೆಗೆ ಬೇಳೆ ನೆನೆಹಾಕಿದ್ದಳು. ಕಾಕಾ ನಸುಕಿನಲ್ಲೇ ಎದ್ದು ಪಪ್ಪಾಯಿ ಹೆರೆಯುತ್ತ ಕುಳಿತಿದ್ದರು. ಹಣ್ಣು ಮತ್ತು ಕಾಯಿ ಅವ್ವಾರೇ ಹಿಂದಿನ ದಿನ ತಂದುಕೊಟ್ಟಿದ್ದರು. ಯಾರೂ ಬೇಡ ಅನ್ನಲಿಲ್ಲ.

ಫೋಟೋದ ಮುಂದೆ ಬಾಳೆಲೆ ಹಾಕಿ, ಹೋಳಿಗೆ, ಅದರ ಪಕ್ಕದಲ್ಲಿ ಆ ಹಳದಿ ಅನ್ನ ಇಟ್ಟರು. ನಾವೆಲ್ಲ ಕೈಮುಗಿದು ಊಟಕ್ಕೆ ಕುಳಿತೆವು. ಕಾಕಾ ಎಲ್ಲರ ತಾಟಿಗೂ ಒಂದೊಂದು ಸೌಟು ಪಪ್ಪಾಯಿ ಅನ್ನ ಬಡಿಸಿದರು. ಅಪ್ಪ ಒಂದು ತುತ್ತು ತಿಂದು ತಾಟು ನೋಡುತ್ತ ಕುಳಿತ. ಅವ್ವ ಅಗಿಯದೆ ನುಂಗಿದಳು. ಕೊನೆಗೆ ಕಾಕಾ ತಮಗೂ ಬಡಿಸಿಕೊಂಡು ಬಾಯಿಗಿಟ್ಟರು. ಅದು ಅವರ ಮೊದಲನೆಯ ತುತ್ತು.

ಅಗಿಯುವುದನ್ನು ನಿಲ್ಲಿಸಿದರು. ಹೇಗೋ ನುಂಗಿದರು. ನೀರು ಕುಡಿದರು. ನನ್ನ ಕಡೆ ತಿರುಗಿ, "ಇಷ್ಟು ಕೆಟ್ಟ ಇತ್ತೇನು ಇದು?" ಅಂದರು.

ನಾನು ಅವರ ಲೋಟಕ್ಕೆ ಇನ್ನಷ್ಟು ನೀರು ಸುರಿದೆ.

"ಪುಣ್ಯಾ, ಆಕಿಗಿ ರುಚಿ ತಿಳೀತಿದ್ದಿಲ್ಲ" ಅಂದರು.

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಹೇಳಬೇಡ ಎಂದು ಅವಳು ಅಂದದ್ದೂ ನೆನಪಿತ್ತು. ಆದರೂ ಬಾಯಿಗೆ ಬಂತು. "ತಿಳೀತಿತ್ತು ಕಾಕಾ. ಯುಗಾದಿ ಆದ ಮ್ಯಾಲ ರುಚಿ ಬಂದಿತ್ತು. ನಿಮಗ ಹೇಳಬ್ಯಾಡ ಅಂದಿದ್ಳು."

ಅವರಿಗೆ ನೋವಾಗುತ್ತದೆ ಎಂದು ನಾನು ಹೆದರಿದ್ದೆ. ಕಾಕಾ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಮೂವತ್ತೊಂಬತ್ತು, ನಲವತ್ತು ಎಂದು ಹೇಳುವಾಗ ಇರುತ್ತಿದ್ದ ಬೆಳಕೇ ಇತ್ತು.

"ರುಚಿ ಬಂದಿತ್ತೇನು? ಖರೇನೂ ಬಂದಿತ್ತೇನು?" ಎಂದು ಎರಡು ಸಲ ಕೇಳಿದರು. ಹೌದು ಅಂದೆ. ಯುಗಾದಿಯಿಂದ ಆಚೆಗೆ ಎಷ್ಟು ಸಲ ಉಂಡಳು ಎಂದು ಬೆರಳು ಮಡಚಿ ಎಣಿಸತೊಡಗಿದರು, ನಡುವೆ ತಪ್ಪಿತು, ಬಿಟ್ಟರು.

"ಮತ್ತ ಹ್ಯಾಂಗದ ಅಂದ್ಳು? ಏನರ ಅಂದಿರಬೇಕಲ್ಲ."

ಆ ದಿನ ನನ್ನ ಕೈ ಬಿಡುವ ಮೊದಲು ಅವಳು ಅಂದಿದ್ದ ಇನ್ನೊಂದು ಮಾತನ್ನು ಹೇಳಿದೆ. "ಉಪ್ಪು ಒಂಚೂರು ಕಡಿಮಿ ಬೀಳ್ತದ ಅಂದ್ಳು ಕಾಕಾ."

ಕಾಕಾ ಎಂಜಲು ಕೈ ತೊಳೆದುಕೊಂಡರು. ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದರು. ಫೋಟೋದ ಮುಂದೆ ಮೊಣಕಾಲೂರಿ ಕುಳಿತು, ಎಡೆಯ ಅನ್ನಕ್ಕೆ ಒಂದು ಚಿಟಿಕೆ ಉದುರಿಸಿ, ಎಲ್ಲ ಕಡೆ ತಾಗುವಂತೆ ಬೆರಳ ತುದಿಯಿಂದ ಮೆಲ್ಲಗೆ ಕಲೆಸಿದರು.

"ಈಗ ನೋಡು" ಅಂದರು.